ಟುನೀಷಿಯನ್ ಕ್ರೋಶಾ: ಹೊದಿಕೆಗೆ ಯಾವ ಚೌಕ ವಾಸಿ?

ಹೊದಿಕೆಗೆ ಬಣ್ಣದ ಚೌಕ ಎಂದರೆ ನಮ್ಮ ಕಡೆ ಮಾಮೂಲಿ ಕ್ರೋಶಾದಲ್ಲಿ ನಡುವಿನಿಂದ ಸುತ್ತ ಸುತ್ತ ಬೆಳೆಸುವ ಗ್ರಾನಿ ಸ್ಕ್ವೇರೇ. ಉಲ್ಲನ್ ಕಡಿಮೆ ಸಾಕು, ಮುರುಟುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ. ಕೈ ಕೂತವರು ಟಿ.ವಿ. ನೋಡುತ್ತಲೇ ಹಾಕಿ ಮುಗಿಸುತ್ತಾರೆ. ಕೊರತೆ ಒಂದೇ, ತೂತು. ಧನುರ್ಮಾಸದ ಬೆಳಗಿನ ಚಳಿಗೆ ಅದನ್ನು ಹೊದ್ದರೂ ಒಂದೇ, ಬಿಟ್ಟರೂ ಒಂದೇ. ಮಕ್ಕಳ ಕಾಲ್ಬೆರಳು ಬೇರೆ ಸಿಕ್ಕಿಕೊಳ್ಳುತ್ತದೆ. ಒತ್ತಾದ ಹೊದಿಕೆ ಬೇಕೆಂದೇ ನಾನು ಟುನೀಷಿಯನ್ ಹಿಡಿದದ್ದು. ಅದರಲ್ಲಿ ಬಣ್ಣದ ಚೌಕಕ್ಕೆ ನಾಲ್ಕು ವಿಧಾನ ಹಾಕಿ ನೋಡಿದ್ದೇನೆ: ಸಾದಾ ಪಟ್ಟೆ, ಬಣ್ಣ ಬೆರೆಸಿದ್ದು, ಆಂಟ್ರಲಾಕ್, ಮೈಟರ್. ನಾಲ್ಕೂ ಒಂದೇ ಉಲ್ಲನ್, ಒಂದೇ ಬಣ್ಣಗಳು.

ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಕಡ್ಡಿ, ಅಂದರೆ ಹುಕ್, ಉದ್ದ. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಲೂಪ್ ಜಾರದಂತೆ ಗುಂಡು. ಅಂಗಡಿಯಲ್ಲಿ ಟುನೀಷಿಯನ್ ಎಂದರೆ ಅರ್ಥವಾಗದಿದ್ದರೆ ಅಫ್ಘನ್ ಹುಕ್ ಎಂದು ಕೇಳಿ, ಅದೂ ಇದೇ. ಪ್ರತಿ ಸಾಲಿಗೂ ಎರಡು ಭಾಗ. ಹೋಗುವಾಗ ಬಲದಿಂದ ಎಡಕ್ಕೆ ಒಂದೊಂದೇ ಲೂಪ್ ಎತ್ತಿ ಕಡ್ಡಿಯಲ್ಲೇ ಇಟ್ಟುಕೊಳ್ಳಬೇಕು. ಬರುವಾಗ ಮೊದಲು ಒಂದರೊಳಗೆ, ಆಮೇಲೆ ಎರಡೆರಡರೊಳಗೆ ದಾರ ಎಳೆಯುತ್ತಾ ಒಂದೇ ಲೂಪ್ ಉಳಿಯುವವರೆಗೆ ಇಳಿಸಬೇಕು. ಹೆಣಿಗೆಯನ್ನು ತಿರುಗಿಸುವುದೇ ಇಲ್ಲ, ಮುಖ ಸದಾ ನಮ್ಮ ಕಡೆಗೇ. ಮುಖದ ಮೇಲೆ ದಾರದ ಎಳೆಗಳೇ ಸಣ್ಣ ಸಣ್ಣ ನಿಂತ ಕಡ್ಡಿಗಳಂತೆ ಕಾಣುತ್ತವೆ. ಮುಂದಿನ ಸಾಲಿಗೆ ಹುಕ್ ಹಾಕುವುದು ಅವುಗಳ ಹಿಂದಿನಿಂದ.

ಉಲ್ಲನ್ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದ ಮಧ್ಯಮ ದಪ್ಪದ ಅಕ್ರಿಲಿಕ್. ಮಾಮೂಲಿ ಕ್ರೋಶಾಕ್ಕಾದರೆ 4 ಮಿ.ಮೀ. ಹುಕ್ ಹಿಡಿಯುತ್ತಿದ್ದೆ, ಇದಕ್ಕೆ 6 ಹಿಡಿದೆ. ಸಣ್ಣ ಹುಕ್ಕಿನಲ್ಲಿ ಹಾಕಿದರೆ ಹೊದಿಕೆಯಲ್ಲ, ಕಾಲೊರೆಸು ಆಗುತ್ತದೆ. ಬಣ್ಣ ಮಾತ್ರ ಸಾಗರದ ಕಡೆಯ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರದಿಂದ ಕಡ ತಂದದ್ದು. ಅಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನನ್ನ ಉಂಡೆಗಳೂ ಈ ನಾಲ್ಕೇ. ಚಿತ್ತಾರದ ನೇರ ಗೆರೆಗಳಿಗೂ ಟುನೀಷಿಯನ್ನಿನ ಚೌಕುಳಿಗೂ ಒಗ್ಗುತ್ತದೆ. ಒಂದೇ ಬಣ್ಣದ ಚೌಕ ಹಾಕಿ ಅದರ ಮೇಲೆ ಸೂಜಿಯಲ್ಲಿ ಕ್ರಾಸ್ ಸ್ಟಿಚ್ ಹಾಕುವುದೂ ಸಲೀಸು, ಆದರೆ ಅದು ಬೇರೆಯೇ ಕೆಲಸ.

ಸಾದಾ ಪಟ್ಟೆ ಎಲ್ಲಕ್ಕಿಂತ ಸುಲಭ. ಬುಡಕ್ಕೆ 20 ಚೈನ್, ಅಂದರೆ ಒಂದರೊಳಗೊಂದು ಎಳೆದ ಲೂಪುಗಳ ಸರಪಳಿ, ಆಮೇಲೆ ನಾಲ್ಕು ಸಾಲಿಗೊಂದು ಬಣ್ಣ. ಬಣ್ಣ ಬದಲಿಸುವುದು ಬರುವ ಭಾಗದ ಕೊನೆಗೆ, ಕಡ್ಡಿಯಲ್ಲಿ ಎರಡು ಲೂಪ್ ಉಳಿದಾಗ. ಹಾಗೆ ಮಾಡಿದರೆ ಪಟ್ಟೆಯ ಗೆರೆ ಚೊಕ್ಕ. ಆದರೆ ಇದರಷ್ಟು ಮುರುಟುವ ಚೌಕ ಇನ್ನೊಂದಿಲ್ಲ. ಬುಡದ ಅಂಚು ಮುಂದಕ್ಕೆ ಸುತ್ತಿಕೊಂಡು ಬರುತ್ತದೆ. ನಮ್ಮ ಅತ್ತಿಗೆ ನೋಡಿದವರೇ, “ಇದೆಂತ ಮಾರಾಯ್ತಿ, ಸುಟ್ಟ ಹಪ್ಪಳದ ಹಾಗೆ ಮುರುಟಿದೆ!” ಅಂದರು. ಮೊದಲ ಸಾಲನ್ನು ಚೈನಿನ ಹಿಂಬದಿಯ ಉಬ್ಬಿನಿಂದ ಎತ್ತಿದರೆ, ಮೊದಲೊಂದೆರಡು ಸಾಲು ದಾರವನ್ನು ಮುಂದಿಟ್ಟುಕೊಂಡು ಲೂಪ್ ಎತ್ತುವ ಪರ್ಲ್ ಹಾಕಿದರೆ ಮುರುಟು ತಗ್ಗುತ್ತದೆ. ಪೂರ್ತಿ ಹೋಗಬೇಕಾದರೆ ಸುತ್ತ ಬಾರ್ಡರ್ ಬೇಕೇ ಬೇಕು. ನೋಟಕ್ಕೂ ಹೇಳಿಕೊಳ್ಳುವಂಥದ್ದಲ್ಲ, ಟವೆಲ್ಲಿನ ಅಂಚಿನಂತೆ ಪಟ್ಟೆ ಪಟ್ಟೆ. ಕೈ ಪಳಗಿಸಲು ಒಂದೆರಡು ಹಾಕಿ ಬಿಡಬಹುದು.

ಬಣ್ಣ ಬೆರೆಸಿದ್ದು ನನಗೆ ಅಚ್ಚರಿ ಕೊಟ್ಟ ಚೌಕ. ಇಲ್ಲಿ ಬಣ್ಣ ಬದಲಾಗುವುದು ಎಡ ಅಂಚಿನಲ್ಲಿ. ಕೆಂಪಿನಲ್ಲಿ ಹೋಗಿ ಎಡ ತುದಿ ಮುಟ್ಟಿ, ಕೆಂಪನ್ನು ಅಲ್ಲೇ ಬಿಟ್ಟು, ಬಿಳಿಯಲ್ಲಿ ಬರಬೇಕು. ಈಗ ಬಲ ಅಂಚಿನಲ್ಲಿರುವುದು ಬಿಳಿ, ಹಾಗಾಗಿ ಮುಂದಿನ ಸಾಲಿಗೆ ಬಿಳಿಯಲ್ಲೇ ಹೋಗುವುದು. ಎಡಕ್ಕೆ ಬಂದಾಗ ಅಲ್ಲಿ ಹಳದಿಯೋ ಕಪ್ಪೋ ಕಾಯುತ್ತಿರುತ್ತದೆ, ಅದರಲ್ಲಿ ಬರುವುದು. ನಾಲ್ಕೂ ಉಂಡೆ ಎಡಗಡೆಯಲ್ಲೇ ಸರದಿ ನಿಂತಿರುತ್ತವೆ, ಕತ್ತರಿಗೆ ಕೆಲಸವಿಲ್ಲ. ಚೌಕ ಮುಗಿದಾಗ ಮುಚ್ಚಬೇಕಾದ ದಾರದ ತುದಿ ಎಂಟೇ. ಹೆಣಿಗೆಗಿಂತ ತುದಿ ಮುಚ್ಚುವ ಕೆಲಸಕ್ಕೆ ಬೇಸರಪಡುವ ನನ್ನಂಥವರಿಗೆ ಇದು ದೊಡ್ಡ ಸಂಗತಿ. ಕೆಂಪಿನಲ್ಲಿ ಹೋಗಿ ಬಿಳಿಯಲ್ಲಿ ಬರುವುದನ್ನೇ ಪ್ರತಿ ಸಾಲಿಗೂ ಮಾಡುತ್ತೇನೆಂದರೆ ಮಾತ್ರ ಸಾಲು ಸಾಲಿಗೂ ದಾರ ಕತ್ತರಿಸಬೇಕಾಗುತ್ತದೆ, ಏಕೆಂದರೆ ಕೆಂಪು ಇರುವುದು ಎಡದಲ್ಲಿ, ಬೇಕಾಗಿರುವುದು ಬಲದಲ್ಲಿ.

ನಿಂತ ಕಡ್ಡಿ ಒಂದು ಬಣ್ಣ, ಅದರ ಸಂದಿನಲ್ಲಿ ಇಣುಕುವ ಅಡ್ಡ ಎಳೆ ಇನ್ನೊಂದು. ದೂರದಿಂದ ಮಗ್ಗದಲ್ಲಿ ನೇಯ್ದಂತೆ ಕಾಣುತ್ತದೆ. ಕಪ್ಪು–ಹಳದಿ ಕೂಡಿದ ಕಡೆ ಯಾವ ಉಂಡೆಯಲ್ಲೂ ಇಲ್ಲದ ಒಂದು ಹೊಂಬಣ್ಣ ಬಂತು. ಎಡ ಅಂಚಿನಲ್ಲಿ ದಾರ ಮೇಲಕ್ಕೆ ಸಾಗಿಸುವಾಗ ಬಿಗಿ ಎಳೆಯಬಾರದು, ಎಳೆದರೆ ಆ ಬದಿ ಗಿಡ್ಡವಾಗಿ ಚೌಕ ಸೊಟ್ಟಗಾಗುತ್ತದೆ. ಮುರುಟು ಇದರಲ್ಲೂ ಇದೆ.

ಆಂಟ್ರಲಾಕ್ ನೋಡಲು ಎಲ್ಲಕ್ಕಿಂತ ಚೆಂದ, ಅನುಮಾನವೇ ಇಲ್ಲ. ಆರೇಳು ಸ್ಟಿಚ್ಚಿನ ಪುಟಾಣಿ ಚೌಕಗಳು, ಒಂದರ ಪಕ್ಕಕ್ಕೆ ಒಂದು ಹುಟ್ಟುತ್ತಾ, ಪಕ್ಕದ್ದಕ್ಕೆ ಅಲ್ಲೇ ಅಂಟಿಕೊಳ್ಳುತ್ತಾ ಬೆಳೆಯುತ್ತವೆ. ಕಡ್ಡಿಯಲ್ಲಿ ಲೂಪ್ ಕಡಿಮೆಯಾದ್ದರಿಂದ ಉದ್ದ ಹುಕ್ ಕೂಡ ಬೇಡ, ಮನೆಯಲ್ಲಿರುವ ಮಾಮೂಲಿ ಹುಕ್ ಸಾಕು. ಆದರೆ ಬಿಡಿ ಚೌಕಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಪುಟ್ಟ ಚೌಕಗಳ ಮೂಲೆ ಸೇರುವಲ್ಲಿ ತೂತು ಬೀಳುತ್ತದೆ, ಒಂದರ ಅಳತೆ ಇನ್ನೊಂದಕ್ಕೆ ಕೂಡುವುದಿಲ್ಲ, ಅಂಚು ನೇರ ಮಾಡಲು ತ್ರಿಕೋನಗಳನ್ನು ತುಂಬಬೇಕು. ಆಂಟ್ರಲಾಕ್ ಇಷ್ಟವಾದರೆ ಚೌಕದ ಗೊಡವೆಗೆ ಹೋಗದೆ ಇಡೀ ಹೊದಿಕೆಯನ್ನೇ ಒಂದೇ ತುಂಡಾಗಿ ಹಾಕುವುದು ಜಾಣತನ.

ಇನ್ನು ಮೈಟರ್. ನನ್ನ ಮತ ಇದಕ್ಕೇ. 41 ಚೈನ್ ಹಾಕಿ ಅಷ್ಟೂ ಲೂಪ್ ಎತ್ತಿ, ನಡುವಿನದ್ದಕ್ಕೆ ಒಂದು ಸೇಫ್ಟಿ ಪಿನ್ ಚುಚ್ಚಿಕೊಳ್ಳುವುದು. ಮುಂದಿನ ಸಾಲಿನಿಂದ ನಡುವೆ ಬಂದಾಗ ಮೂರು ನಿಂತ ಕಡ್ಡಿಗಳೊಳಗೆ ಒಟ್ಟಿಗೇ ಹುಕ್ ತೂರಿಸಿ ಒಂದೇ ಲೂಪ್ ಎಳೆಯುವುದು. ಸಾಲಿಗೆ ಎರಡರಂತೆ ಕಡಿಮೆಯಾಗುತ್ತಾ 39, 37 ಎಂದು ಇಳಿದು ಕೊನೆಗೆ ಒಂದು ಉಳಿಯುತ್ತದೆ. ನೆಟ್ಟಗಿದ್ದ ಚೈನು ನಡುವೆ ಮಡಿಚಿಕೊಂಡು ಚೌಕದ ಎರಡು ಬದಿಗಳಾಗುತ್ತದೆ, ಬಣ್ಣದ ಪಟ್ಟೆಗಳು ಮೂಲೆ ತಿರುಗುತ್ತವೆ, ನಡುವಿನ ಕೂಡುಗೆರೆ ಕರ್ಣದಂತೆ ಎದ್ದು ನಿಲ್ಲುತ್ತದೆ. ಕೈಗೆ ಬಂದದ್ದು ಸುಮಾರು 5 ಇಂಚಿನ ಚೌಕ.

ಇದರಲ್ಲಿ ನನಗೆ ಹಿಡಿಸಿದ್ದು ಎರಡು. ಮೊದಲ ಸಾಲೇ ಎಲ್ಲಕ್ಕಿಂತ ಉದ್ದ. ಆಮೇಲೆ ಪ್ರತಿ ಸಾಲೂ ಗಿಡ್ಡ, ಹಾಗಾಗಿ ಅರ್ಧಕ್ಕೆ ಬಿಡುವ ಮನಸ್ಸು ಬರುವುದಿಲ್ಲ. ಮತ್ತೆ, ಹೊರಗಿನ ಬಣ್ಣಕ್ಕೆ ಉಲ್ಲನ್ ಜಾಸ್ತಿ, ಒಳಮೂಲೆಗೆ ಗೇಣುದ್ದದ ಚೂರುಪಾರೂ ಬಳಕೆಗೆ ಬರುತ್ತದೆ. ಸಾಲಿನ ಎತ್ತರವೂ ಸ್ಟಿಚ್ಚಿನ ಅಗಲವೂ ಸಮ ಇದ್ದರಷ್ಟೇ ಇದು ಚೌಕ. ಕೈ ಬಿಗಿಯಿದ್ದವರದ್ದು ಗಾಳಿಪಟದ ಆಕಾರಕ್ಕೆ ಎಳೆಯುತ್ತದೆ. ಅಂಥವರು ಹುಕ್ ಅರ್ಧ ಮಿ.ಮೀ. ದೊಡ್ಡದು ಹಿಡಿದು ನೋಡಬೇಕು. ತುದಿಗಳು ಬಲ ಅಂಚಿನಲ್ಲಿ ಸಾಲಾಗಿ ಬರುವುದರಿಂದ ಬಾರ್ಡರ್ ಹಾಕುವಾಗ ಅದರೊಳಗೇ ಹುದುಗಿಸಬಹುದು.

ಒಗೆತದ ಮಾತು ನಮ್ಮೂರಿಗೆ ಮುಖ್ಯ. ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಕರವಸ್ತ್ರ ಕೂಡ ಒಣಗುವುದಿಲ್ಲ. ಟುನೀಷಿಯನ್ ಒತ್ತಾದ್ದರಿಂದ ಗ್ರಾನಿಗಿಂತ ನಿಧಾನವಾಗಿ ಒಣಗುತ್ತದೆ. ಹತ್ತಿ ದಾರದಲ್ಲಿ ಹಾಕಿದರೆ ನೀರು ಕುಡಿದು ಮಣಭಾರ, ಆಮೇಲೆ ಬೂಷ್ಟಿನ ಚುಕ್ಕೆ. ಅಕ್ರಿಲಿಕ್ ನೀರು ಹಿಡಿಯುವುದು ಕಡಿಮೆ, ಹಿಂಡಿ ಜಗಲಿಯಲ್ಲಿ ಹರವಿದರೂ ಒಣಗುತ್ತದೆ. ಬೇರೆ ಬಟ್ಟೆಯಂತೆ ಬಚ್ಚಲೊಲೆಯ ಮೇಲೆ ಮಾತ್ರ ಹಾಕಬಾರದು, ಅಕ್ರಿಲಿಕ್ ಶಾಖಕ್ಕೆ ಕರಗುವ ದಾರ. ಇಸ್ತ್ರಿಯೂ ತಾಗಬಾರದು, ಚೌಕವನ್ನು ಪಿನ್ ಹೊಡೆದು ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು ಬರೀ ಹಬೆ ಕೊಟ್ಟರೆ ಮುರುಟು ಇಳಿಯುತ್ತದೆ.

ಹೊಸಬರು ಬಣ್ಣ ಬೆರೆಸಿದ್ದರಲ್ಲಿ ಶುರು ಮಾಡಲಿ. ಬೇಸಿಗೆ ಹೊದಿಕೆಗಾದರೆ ಗ್ರಾನಿಯನ್ನು ಬಿಡುವ ಕಾರಣವಿಲ್ಲ. ಚಳಿಗೆ, ಮನೆಯಲ್ಲಿ ಚೂರು ಉಲ್ಲನ್ ರಾಶಿ ಬಿದ್ದಿದ್ದರೆ, ಮೈಟರ್. ಜೋಡಿಸುವಾಗ ನಾಲ್ಕು ಮೈಟರ್ ಚೌಕಗಳ ಒಳಮೂಲೆಗಳನ್ನು ನಡುವಿಗೆ ತಂದರೆ ಚೌಕದೊಳಗೆ ಚೌಕ ಕಾಣುತ್ತದೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಮೆಟ್ಟಿಲು ಬರುತ್ತದೆ. ಹೊಲಿಗೆಗೆ, ಬಾರ್ಡರಿಗೆ ಕಪ್ಪು ದಾರವೇ ಇರಲಿ. ಬಿಳಿ ಹಾಕಿದರೆ ನಮ್ಮ ಕೆಮ್ಮಣ್ಣಿಗೆ ಬೇಗ ಬಣ್ಣ ಕೆಡುತ್ತದೆ.