‘ಇಟ್’ ಕಾದಂಬರಿ: ಜೋಕರ್ ಚೆನ್ನಾಗಿದೆ, ವಿವರಣೆ ಬೇಡವಾಗಿತ್ತು

ಅಮೆರಿಕದ ಭಯಾನಕ ಕಥೆಗಾರ ಸ್ಟೀಫನ್ ಕಿಂಗ್‌ನ ‘ಇಟ್’ ಕೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ, ಆದರೆ ಪೇಪರ್‌ಬ್ಯಾಕ್ ಬೇಡ. 1986ರಲ್ಲಿ ಬಂದ ಮೊದಲ ಮುದ್ರಣವೇ 1,138 ಪುಟ. ನನ್ನ ಹತ್ತಿರ ಇರುವ ಪ್ರತಿಯಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು, ಮಲಗಿ ಓದೋಣ ಅಂದರೆ ಕೈ ಸೋಲುತ್ತದೆ, ಅರ್ಧ ಮುಗಿಯುವಷ್ಟರಲ್ಲಿ ಬೈಂಡಿಂಗ್ ಬಿಟ್ಟುಕೊಂಡಿತು. ಕಿಂಡಲ್‌ನಲ್ಲಿ ಓದಿ. ಇಲ್ಲಾಂದ್ರೆ ಆಡಿಯೋ ಇದೆ, ಸ್ಟೀವನ್ ವೆಬರ್ ಅನ್ನೋ ನಟ ಓದಿದ್ದು, 40 ಗಂಟೆಗೂ ಜಾಸ್ತಿ. ಜೋಕರ್ ದನಿ ಬಂದಾಗ ಇಯರ್‌ಫೋನ್ ಕಿತ್ತು ಪಕ್ಕಕ್ಕಿಡಬೇಕು ಅನ್ನಿಸುತ್ತದೆ. ಅದು ಹೊಗಳಿಕೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೇನ್ ರಾಜ್ಯದಲ್ಲಿ ಡೆರಿ ಅಂತ ಊರು. ಊರು ಕಲ್ಪನೆಯದ್ದು, ಆದರೆ ಕಿಂಗ್ ತಾನು ಮನೆ ಮಾಡಿಕೊಂಡಿದ್ದ ಬ್ಯಾಂಗರ್ ಪಟ್ಟಣವನ್ನೇ ಮುಂದಿಟ್ಟುಕೊಂಡು ಕಟ್ಟಿದ್ದು. ಅಲ್ಲಿನ ಚರಂಡಿಗಳ ಒಳಗೆ ಏನೋ ಒಂದು ಇದೆ. ಹೆಚ್ಚುಕಮ್ಮಿ 27 ವರ್ಷಕ್ಕೊಮ್ಮೆ ಏಳುತ್ತದೆ, ಮಕ್ಕಳನ್ನು ತಿನ್ನುತ್ತದೆ, ಮತ್ತೆ ಮಲಗುತ್ತದೆ. ಯಾವ ಮಗುವಿಗೆ ಯಾವುದರ ಭಯವೋ ಆ ವೇಷ ಹಾಕುತ್ತದೆ, ಆದರೆ ಅದಕ್ಕೆ ಇಷ್ಟದ ವೇಷ ಪೆನ್ನಿವೈಸ್ ಅನ್ನೋ ಜೋಕರ್. 1958ರಲ್ಲಿ ಏಳು ಮಕ್ಕಳು ಅದರ ಎದುರು ನಿಲ್ಲುತ್ತಾರೆ. 1985ರಲ್ಲಿ, ದೊಡ್ಡವರಾಗಿ ಎಲ್ಲೆಲ್ಲೋ ಚದುರಿಹೋದ ಮೇಲೆ, ಊರಿಂದ ಮತ್ತೆ ಫೋನ್ ಬರುತ್ತದೆ.

ಇದನ್ನು ಎಲ್ಲರೂ ಭಯಂಕರ ಜೋಕರ್ ಕಥೆ ಅಂತಾರೆ. ನನಗೆ ಇದು ಕನಸಿನ ಬಗ್ಗೆ ಬರೆದ ಪುಸ್ತಕದ ಹಾಗೆ ಕಾಣುತ್ತದೆ. ಕನಸಿನ ಕಾನೂನು ಪಾಲಿಸಿದ ಕಡೆಯೆಲ್ಲ ಪುಸ್ತಕ ಗೆದ್ದಿದೆ, ಮುರಿದ ಕಡೆ ಮುಗ್ಗರಿಸಿದೆ.

ಮೊದಲ ಅಧ್ಯಾಯವನ್ನೇ ನೋಡಿ. ಆರು ವರ್ಷದ ಜಾರ್ಜಿ, ಮಳೆ, ಮೇಣ ಸವರಿದ ಕಾಗದದ ದೋಣಿ. ದೋಣಿ ಮಾಡಿಕೊಟ್ಟ ಅಣ್ಣ ಜ್ವರ ಬಂದು ಮಲಗಿದ್ದಾನೆ. ದೋಣಿ ರಸ್ತೆ ಬದಿಯ ನೀರಲ್ಲಿ ಓಡಿ ಓಡಿ ಮೋರಿಗೆ ಬೀಳುತ್ತದೆ. ಬಗ್ಗಿ ನೋಡಿದರೆ ಒಳಗೆ ಹಳದಿ ಕಣ್ಣು. ಮರುಕ್ಷಣ ಅದೇ ಕಣ್ಣು ನೀಲಿ, ಅವನ ಅಮ್ಮನ ಕಣ್ಣಿನಂಥದ್ದೇ ನೀಲಿ. ಹುರಿದ ಬಿಸಿ ಕಡಲೆಕಾಯಿ, ಬೊಂಬಾಯಿ ಮಿಠಾಯಿ ವಾಸನೆ ಬರುತ್ತದೆ, ಅದರ ಅಡಿಯಲ್ಲಿ ಕೊಳೆತ ಎಲೆಯ ವಾಸನೆ. ಗೊತ್ತಿಲ್ಲದವರ ಹತ್ತಿರ ಏನೂ ತಗೋಬಾರದು ಅಂತ ಅಪ್ಪ ಹೇಳಿದ್ದಾರೆ ಅಂತಾನೆ ಹುಡುಗ. ಜೋಕರ್ ತನ್ನ ಹೆಸರು ಹೇಳುತ್ತದೆ, ಅವನ ಹೆಸರನ್ನೂ ಹೇಳುತ್ತದೆ, ಈಗ ಪರಿಚಯ ಆಯ್ತಲ್ಲ ಅನ್ನುತ್ತದೆ. ಹುಡುಗನಿಗೆ ಅದು ಸರಿ ಅನ್ನಿಸುತ್ತದೆ!

ಕನಸಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ತೀರಿಹೋದ ಅಜ್ಜಿ ಬಸ್ಸಿನಲ್ಲಿ ಪಕ್ಕದ ಸೀಟಲ್ಲಿ ಕೂತಿರುತ್ತಾರೆ. ಟಿಕೆಟ್ ತಗೊಂಡ್ರಾ ಅಂತ ಕೇಳುತ್ತೇವೆಯೇ ಹೊರತು, ನೀವು ಹೇಗೆ ಬಂದ್ರಿ ಅಂತ ಕೇಳಲ್ಲ. ಇದಕ್ಕೆ ಕಾರಣವೂ ಇದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್, ನಿದ್ದೆಯಲ್ಲಿ ಕಣ್ಣುಗುಡ್ಡೆ ರೆಪ್ಪೆಯೊಳಗೆ ಸರಸರ ಓಡಾಡುವ ಒಂದು ಹಂತ ಇದೆ ಅಂತ ತೋರಿಸಿಕೊಟ್ಟರು. ಅದೇ ರೆಮ್ ನಿದ್ದೆ, ಕಣ್ಣಿಗೆ ಕಟ್ಟಿದಂಥ ಕನಸು ಜಾಸ್ತಿ ಬೀಳುವುದು ಆಗಲೇ. ಆ ಹೊತ್ತಲ್ಲಿ ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಅನ್ನೋ ಮಿದುಳಿನ ಭಾಗ ಚುರುಕಾಗಿರುತ್ತದೆ, ‘ಏನೋ ಸರಿ ಇಲ್ಲವಲ್ಲ’ ಅಂತ ತಡೆದು ಕೇಳಬೇಕಾದ ಹಣೆ ಹಿಂದಿನ ಮಿದುಳು ಮಂಕಾಗಿರುತ್ತದೆ, ಜೊತೆಗೆ ಕೈಕಾಲಿನ ಸ್ನಾಯುಗಳೂ ಸಡಿಲ ಬಿದ್ದಿರುತ್ತವೆ. ಭಯ ಪೂರ್ತಿ, ಅನುಮಾನ ಅರೆಬರೆ, ಓಡಲು ಕಾಲಿಲ್ಲ. ಡೆರಿಯ ಮಕ್ಕಳ ಪಾಡು ಇದೇ.

ಕನಸು ಯಾಕೆ ಬೀಳುತ್ತದೆ ಅನ್ನುವುದರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಒಳಗೆ ಅದುಮಿಟ್ಟ ಆಸೆ ಕನಸಲ್ಲಿ ಈಡೇರುತ್ತದೆ ಅನ್ನುವುದು ಫ್ರಾಯ್ಡ್ ವಾದ, 1900ರ ಸುಮಾರಿನದ್ದು. ನೂರು ವರ್ಷ ಕಳೆದು 2000ದಲ್ಲಿ ಫಿನ್‌ಲ್ಯಾಂಡಿನ ಆಂಟಿ ರೆವೊನ್ಸುವೊ ಮುಂದಿಟ್ಟ ವಾದ ಬೇರೆಯೇ: ಕನಸು ಅಪಾಯಕ್ಕೆ ಮಾಡಿಕೊಳ್ಳುವ ರಿಹರ್ಸಲ್, ಅಟ್ಟಿಸಿಕೊಂಡು ಬರುವುದನ್ನು ನಿದ್ದೆಯಲ್ಲೇ ಎದುರಿಸಿ ಪಳಗಲಿ ಅಂತ. ಆ ಮೋರಿ ಬಾಯಲ್ಲಿ ಇಬ್ಬರ ವಾದವೂ ನಿಲ್ಲುತ್ತದೆ ನೋಡಿ. ಮೊದಲು ದೋಣಿ, ಬಲೂನು, ಸರ್ಕಸ್ಸಿನ ವಾಸನೆ, ಎಲ್ಲ ಆಸೆ. ಆಮೇಲೆ ಹಲ್ಲು. ಈ ಎರಡೂ ಕೆಲಸ ಒಟ್ಟಿಗೆ ಮಾಡಲು ಜೋಕರ್‌ಗೆ ಮಾತ್ರ ಸಾಧ್ಯ. ತೋಳ ಮನುಷ್ಯ, ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ ಅಂದರೆ ಮಮ್ಮಿ, ಕುಷ್ಠರೋಗಿ ವೇಷಗಳೂ ಪುಸ್ತಕದಲ್ಲಿವೆ, ಆದರೆ ಅವನ್ನು ಕಂಡ ಮಗು ಓಡಿಹೋಗುತ್ತದೆ. ಜೋಕರ್ ಕಂಡ ಮಗು ತಾನೇ ಹತ್ತಿರ ಹೋಗುತ್ತದೆ.

ಕೆಟ್ಟ ಜೋಕರ್ ಕಿಂಗ್‌ನ ಹೊಸ ಕಲ್ಪನೆ ಏನಲ್ಲ. 1849ರಲ್ಲೇ ಎಡ್ಗರ್ ಅಲನ್ ಪೋ, ರಾಜನನ್ನು ಸುಟ್ಟು ಹಾಕುವ ಆಸ್ಥಾನದ ವಿದೂಷಕನ ಕಥೆ ಬರೆದ. ಬ್ಯಾಟ್‌ಮ್ಯಾನ್‌ನ ಜೋಕರ್ 1940ರದ್ದು, ಅವನ ಆ ಕಿವಿವರೆಗಿನ ನಗುವಿನ ಹಿಂದೆ 1928ರ ಮೂಕಿ ಚಿತ್ರವೊಂದರಲ್ಲಿ ಕಾನ್ರಾಡ್ ವೈಟ್ ಹಾಕಿದ್ದ ವೇಷ ಇದೆ. ಆದರೆ ಅವರಿಗೆಲ್ಲ ಸೇಡು ಬೇಕು, ಇಲ್ಲಾ ಊರಿಗೆ ಬೆಂಕಿ ಹಚ್ಚಬೇಕು. ಅವರೆಲ್ಲ ಎಚ್ಚರದ ಲೋಕದವರು, ಪೊಲೀಸರು ಹಿಡಿಯಬಹುದು.

ನನಗೆ ತುಂಬಾ ಹಿಡಿಸಿದ ಜಾಗ ಬೇರೆ ಎರಡು. ಒಂದು, ಬೆನ್ ಅನ್ನೋ ದಪ್ಪ ಹುಡುಗ ಚಳಿಗಾಲದ ಸಂಜೆ ಮನೆಗೆ ಹೋಗುವಾಗ ಹೆಪ್ಪುಗಟ್ಟಿದ ಕಾಲುವೆ ಮೇಲೆ ಜೋಕರ್ ನಿಂತಿರುವುದು. ಗಾಳಿ ಒಂದು ಕಡೆಗೆ ಬೀಸುತ್ತಿದೆ, ಬಲೂನುಗಳು ಅದರ ಎದುರಿಗೆ ತೇಲುತ್ತಿವೆ. ಅದನ್ನು ಓದಿದ ಮೇಲೆ ಮುಂದೆ ಬರುವ ಮಮ್ಮಿ ಸಪ್ಪೆ ಅನ್ನಿಸಿತು. ಇನ್ನೊಂದು, ಬೆವರ್ಲಿ ಅನ್ನೋ ಹುಡುಗಿಯ ಬಾತ್‌ರೂಮಿನ ಸಿಂಕ್‌ನಿಂದ ರಕ್ತ ಚಿಮ್ಮುವುದು. ಅಪ್ಪ ಬಂದು ನೋಡಿದರೆ ಅವನಿಗೆ ಏನೂ ಕಾಣಲ್ಲ. ಗೆಳೆಯರನ್ನು ಕರೆತರುತ್ತಾಳೆ, ಅವರಿಗೆ ಕಾಣುತ್ತದೆ. ಆಮೇಲೆ ಏನು ಮಾಡುತ್ತಾರೆ ಗೊತ್ತಾ? ಬಕೆಟ್ ತುಂಬಿಸಿಕೊಂಡು, ಬಟ್ಟೆ ಹಿಡಿದು ಇಡೀ ಬಾತ್‌ರೂಮ್ ಉಜ್ಜುತ್ತಾರೆ, ಆ ಬಟ್ಟೆಗಳನ್ನು ತಗೊಂಡು ಹೋಗಿ ಕಾಸು ಹಾಕಿ ಒಗೆಯುವ ಮೆಷಿನ್‌ಗೆ ಹಾಕುತ್ತಾರೆ! ನಮ್ಮ ಕನಸನ್ನು ನಾವು ಇನ್ನೊಬ್ಬರಿಗೆ ಹೇಳಬಹುದು, ತೋರಿಸಲಾಗಲ್ಲ. ಇಲ್ಲಿ ನಾಲ್ಕು ಮಕ್ಕಳು ಒಂದೇ ಕನಸನ್ನು ನೆಲ ಒರೆಸಿ ಒಗೆಯುತ್ತಿದ್ದಾರೆ. ಇಡೀ ಪುಸ್ತಕದಲ್ಲಿ ಗೆಳೆತನದ ಬಗ್ಗೆ ಇದಕ್ಕಿಂತ ಒಳ್ಳೆ ಪುಟ ಇಲ್ಲ.

ಮರೆವಿನ ವಿಚಾರವನ್ನೂ ಕಿಂಗ್ ಚೆನ್ನಾಗಿ ಹಿಡಿದಿದ್ದಾನೆ. ಊರು ಬಿಟ್ಟವರಿಗೆ ಡೆರಿಯೇ ಮರೆತುಹೋಗುತ್ತದೆ, ಗೆಳೆಯರ ಹೆಸರು ಸಮೇತ. ಅಲ್ಲೇ ಉಳಿದು ಲೈಬ್ರರಿ ನೋಡಿಕೊಳ್ಳುವ ಮೈಕ್‌ಗೆ ಮಾತ್ರ ಎಲ್ಲ ನೆನಪಿದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಷ್ಟರಲ್ಲಿ ಕನಸು ಜಾರಿಹೋಗುತ್ತದಲ್ಲ, ಥೇಟ್ ಹಾಗೆ. ನೆನಪು ಗಟ್ಟಿಯಾಗಲು ನೆರವಾಗುವ ನಾರ್‌ಅಡ್ರಿನಲಿನ್ ಅನ್ನೋ ಮಿದುಳಿನ ರಾಸಾಯನಿಕ ರೆಮ್ ನಿದ್ದೆಯಲ್ಲಿ ತೀರಾ ಕಮ್ಮಿ ಇರುತ್ತದೆ, ಕನಸು ನಿಲ್ಲದಿರಲು ಅದೂ ಒಂದು ಕಾರಣ ಅಂತಾರೆ. ಕಾದಂಬರಿಯ ಕೊನೆಯ ಸಾಲುಗಳೂ ಕನಸು ಕಂಡು ಎದ್ದ ಬೆಳಗಿನ ಬಗ್ಗೆಯೇ ಇವೆ, ಆದ್ದರಿಂದ ನಾನು ಸುಮ್ನೆ ಎಳೆದು ತಂದು ಹೇಳುತ್ತಿಲ್ಲ.

ಈಗ ಬೈಗುಳ. ಕೊನೆಯ ಇನ್ನೂರು ಪುಟದಲ್ಲಿ ಕಿಂಗ್ ಕನಸಿಗೆ ಅರ್ಥ ಹೇಳಲು ಕೂತುಬಿಟ್ಟಿದ್ದಾನೆ. ಅದು ಎಲ್ಲಿಂದ ಬಂತು, ಬ್ರಹ್ಮಾಂಡದ ಆಚೆ ಏನಿದೆ, ಅಲ್ಲೊಂದು ಆಮೆ, ಕೆಳಗೆ ಸುರಂಗದಲ್ಲಿ ದೈತ್ಯ ಜೇಡ. ಗಾಳಿಗೆದುರಾಗಿ ತೇಲಿದ ಬಲೂನಿನ ಮುಂದೆ ಆ ಜೇಡ ಏನೂ ಅಲ್ಲ. ಅದೂ ಸಾಲದು ಅಂತ ಆ ಸುರಂಗದಲ್ಲೇ ಮಕ್ಕಳನ್ನು ಇಟ್ಟುಕೊಂಡು ಬರೆದ ಒಂದು ಪ್ರಸಂಗ ಇದೆ, ಅಸಹ್ಯ ಅನ್ನಿಸುವಂಥದ್ದು, ಯಾವ ಸಂಪಾದಕ ಬಿಟ್ಟನೋ ಗೊತ್ತಿಲ್ಲ. ಟಿವಿಯವರೂ ಸಿನಿಮಾದವರೂ ಅದನ್ನು ಮುಟ್ಟಲಿಲ್ಲ. ಪ್ರಾಣಿಹಿಂಸೆ, ಹೆಂಡತಿ ಮಕ್ಕಳನ್ನು ಹೊಡೆಯುವುದು ಧಾರಾಳವಾಗಿದೆ. ಹೈಸ್ಕೂಲ್ ಮಕ್ಕಳ ಕೈಗೆ ಕೊಡಬೇಡಿ.

ಸಿನಿಮಾ ನೋಡಿದರೆ ಸಾಕಾ? ಸಾಲದು. 1990ರ ಟಿವಿ ಸರಣಿಯಲ್ಲಿ ಜೋಕರ್ ವೇಷದ ಟಿಮ್ ಕರಿ ಹಗಲು ಬೆಳಕಲ್ಲಿ ಸುಮ್ನೆ ನಿಂತೇ ಹೆದರಿಸುತ್ತಾನೆ, ಉಳಿದದ್ದು ಹಳೇ ಕಾಲದ ಟಿವಿ ನಾಟಕ. 2017ರ ಚಿತ್ರದಲ್ಲಿ ಬಿಲ್ ಸ್ಕಾರ್ಸ್‌ಗಾರ್ಡ್‌ನ ಮೋರಿ ದೃಶ್ಯ ಬಹಳ ಚೆನ್ನಾಗಿದೆ, ಮಕ್ಕಳ ನಟನೆಯೂ ಸರಿ, ಆಮೇಲೆ ಮಾತ್ರ ಎರಡು ನಿಮಿಷಕ್ಕೊಮ್ಮೆ ಧಡ್ ಅನ್ನೋ ಸದ್ದು. ಧಡ್ ಅಂದರೆ ಬೆಚ್ಚಿಬೀಳುತ್ತೇವೆ, ಕನಸಿನ ಭಯ ಹಾಗೆ ಬರಲ್ಲ, ಅದು ಎಲ್ಲ ಸರಿಯಾಗಿದೆ ಅನ್ನಿಸುತ್ತಿರುವಾಗ ಬರುತ್ತದೆ. 2019ರ ಎರಡನೇ ಭಾಗ ಬಿಟ್ಟುಬಿಡಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಿಂಡಲ್‌ನಲ್ಲಿ ಮೊದಲ ಕೆಲವು ಪುಟ ಸ್ಯಾಂಪಲ್ ಅಂತ ಪುಕ್ಕಟೆ ಸಿಗುತ್ತದೆ, ಜಾರ್ಜಿಯ ಅಧ್ಯಾಯ ಅಲ್ಲೇ ಇರುತ್ತದೆ. ಓದಿ ನೋಡಿ. ಅದು ಹಿಡಿಸಲಿಲ್ಲ ಅಂದರೆ ಉಳಿದ ಸಾವಿರ ಪುಟಕ್ಕೆ ದುಡ್ಡು ಹಾಕಬೇಡಿ.