ಬಾಡಿಗೆ ಆರ್‌ವಿಯಲ್ಲಿ ಡೆಂಪ್‌ಸ್ಟರ್ ರಸ್ತೆಗೆ ಇಳಿಯಬೇಡಿ, ಯಾರು ಏನೇ ಹೇಳಲಿ

ಬೇಸಿಗೆ ರಜೆಗೆ ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಕಡೆ ಆರ್‌ವಿ, ಅಂದರೆ ಅಡುಗೆ, ಮಲಗುವುದು ಎಲ್ಲ ಒಳಗೇ ಆಗುವ ಮನೆಗಾಡಿ, ಬಾಡಿಗೆಗೆ ಹಿಡಿಯುವ ಯೋಚನೆ ಇದ್ದವರು ಇದನ್ನು ಪೂರ್ತಿ ಓದಿ. ಡೆಂಪ್‌ಸ್ಟರ್ ಅಂದರೆ ಅಲ್ಲಿಂದ ಉತ್ತರಕ್ಕೆ ಹೋಗುವ ಉದ್ದದ ಜಲ್ಲಿ ರಸ್ತೆ. ನಮಗೆ ಕೈಬಿಟ್ಟದ್ದು 11,400 ಕೆನಡಾ ಡಾಲರ್. ರೂಪಾಯಿಯಲ್ಲಿ ಹತ್ತಿರ ಹತ್ತಿರ 7 ಲಕ್ಷ. ಗಾಡಿ ಬಾಡಿಗೆ, ಪೆಟ್ರೋಲ್, ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ. ಇಷ್ಟೂ ಹೋದದ್ದು ಒಂದು ಟೈರ್ ಒಡೆದದ್ದಕ್ಕೆ. ತಪ್ಪು ನಮ್ಮದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಂಥದ್ದೇ ತಪ್ಪಿಗೆ ನಿಮ್ಮನ್ನೂ ಪ್ರೀತಿಯಿಂದಲೇ ಕರೆಯುವವರು ಅಲ್ಲಿನ ಕ್ಯಾಂಪ್‌ಗಳಲ್ಲಿ ಸಿಗುತ್ತಾರೆ.

ನಾವಿರುವುದು ಕ್ಯಾಲ್ಗರಿಯಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಕೆಎಸ್ಆರ್‌ಟಿಸಿಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಬಸ್ ಇಳಿಸಿದವರಿಗೆ ಕೆನಡಾದ ಹೈವೇ ಏನೂ ಅನ್ನಿಸಿರಲಿಲ್ಲ. "ಇದೇನು ರಸ್ತೆ ಕಣೋ, ನಿದ್ದೆ ಬರುತ್ತೆ" ಅಂತಿದ್ದರು. ಹಾಗಾದರೆ ನಿದ್ದೆ ಬರದಂಥ ಕಡೆಗೇ ಹೋಗೋಣ ಅಂತ ನಾವು ಮತ್ತು ಗೆಳೆಯನ ಕುಟುಂಬ ಸೇರಿ ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ಎರಡು ಆರ್‌ವಿ ಬುಕ್ ಮಾಡಿದೆವು. ನಮ್ಮದು 27 ಅಡಿಯದು. ಹಿಂದೆ ಎರಡೂ ಕಡೆ ಜೋಡಿ ಟೈರ್, ಒಳಗೆ ಸ್ಟೌ, ಫ್ರಿಜ್, ಹಾಸಿಗೆ, ಟಾಯ್ಲೆಟ್ ಎಲ್ಲ ಇತ್ತು. ಅಮ್ಮ ಹೆಪ್ಪಿನ ಸಮೇತ ಮೊಸರಿನ ಪಾತ್ರೆ ತಂದಿದ್ದರು.

ಮೊದಲಿನ ಲೆಕ್ಕ ಅಲಾಸ್ಕಾದ್ದು. ಯೂಕಾನ್‌ನದೇ ಇನ್ನೊಂದು ಊರು ಡಾಸನ್ ಸಿಟಿಯಿಂದ ಟಾಪ್ ಆಫ್ ದ ವರ್ಲ್ಡ್ ಅನ್ನುವ ರಸ್ತೆ ಹಿಡಿದು ಅಲಾಸ್ಕಾಕ್ಕೆ ಹೋಗಿ, ಅಲಾಸ್ಕಾ ಹೈವೇಯಲ್ಲಿ ಬೀವರ್ ಕ್ರೀಕ್ ಮೂಲಕ ವಾಪಸ್ ಬರುವುದು. ಹೆಚ್ಚಿನವರು ಹೋಗುವುದೇ ಹಾಗೆ. ಆದರೆ ಅಲಾಸ್ಕಾ ಅಂದರೆ ಅಮೆರಿಕ, ಅಪ್ಪ ಅಮ್ಮನ ಹತ್ತಿರ ಇದ್ದದ್ದು ಕೆನಡಾ ವೀಸಾ ಮಾತ್ರ. ಹಾಗಾಗಿ ಅದು ಬಿಟ್ಟುಹೋಯಿತು. ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು ಇದನ್ನು ಟಿಕೆಟ್ ಮಾಡುವ ಮುಂಚೆಯೇ ನೋಡಿಕೊಳ್ಳಿ. ನಮ್ಮ ಕೈಯಲ್ಲಿ ನಾಲ್ಕು ದಿನ ಖಾಲಿ ಉಳಿದವು. ಎಲ್ಲ ಶುರುವಾದದ್ದು ಆ ನಾಲ್ಕು ದಿನದಿಂದ.

ವೈಟ್‌ಹಾರ್ಸ್‌ನ ಕ್ಯಾಂಪ್‌ನಲ್ಲಿ ಪಕ್ಕದ ಜಾಗದವರು ಪರಿಚಯವಾದರು. ಎಪ್ಪತ್ತರ ಆಸುಪಾಸಿನ ಹಿರಿಯರು, ಒಬ್ಬರೇ. ಪಿಕಪ್ ಟ್ರಕ್ಕಿನ ಮೇಲೆ ಸಣ್ಣ ಮನೆ ಕೂರಿಸಿಕೊಂಡು ಪ್ರತಿ ವರ್ಷ ಬರುತ್ತಾರಂತೆ. ನನ್ನ ಮಗಳು ಅವರಿಗೆ 'ಪಿಕಪ್ ತಾತ' ಅಂತ ಹೆಸರಿಟ್ಟಳು. ಒಳ್ಳೆಯ ಮನುಷ್ಯ, ಸುಮ್ನೆ ದೂರುವುದಿಲ್ಲ. ಕಟ್ಟಿಗೆ ಸೀಳಿಕೊಟ್ಟರು, ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಹೇಗೆ ಹಿಡಿಯಬೇಕು ಅಂತ ಮಕ್ಕಳಿಗೆ ತೋರಿಸಿದರು, ಅಮ್ಮನ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡರು. ಡಾಸನ್‌ವರೆಗೆ 530 ಕಿಲೋಮೀಟರ್ ಜೊತೆಗೇ ಬಂದರು. ಅಲ್ಲಿ ಬೆಂಕಿ ಸುತ್ತ ಕೂತಾಗ ಡೆಂಪ್‌ಸ್ಟರ್ ಮಾತು ತೆಗೆದರು.

ಡೆಂಪ್‌ಸ್ಟರ್ ಹೈವೇ ಡಾಸನ್‌ಗೆ 40 ಕಿಲೋಮೀಟರ್ ಮೊದಲೇ ಕವಲೊಡೆದು ಉತ್ತರಕ್ಕೆ ಇನುವಿಕ್ ಅನ್ನುವ ಊರಿನವರೆಗೆ ಹೋಗುತ್ತದೆ, 730 ಕಿಲೋಮೀಟರ್‌ಗೂ ಜಾಸ್ತಿ. 1979ರಲ್ಲಿ ತೆರೆದದ್ದು. 2017ರಲ್ಲಿ ಅದನ್ನು ಆರ್ಕ್‌ಟಿಕ್ ಸಮುದ್ರದ ದಡದ ಟಕ್ಟೊಯಾಕ್ಟಕ್‌ವರೆಗೂ ಮುಂದುವರಿಸಿದರು. ಕವಲಿನಿಂದ 405ನೇ ಕಿಲೋಮೀಟರ್‌ನಲ್ಲಿ ಆರ್ಕ್‌ಟಿಕ್ ವೃತ್ತದ ಗೆರೆ. "ಅಲ್ಲಿ ಒಂದು ಬೋರ್ಡ್ ಇದೆ, ನಿಮ್ಮ ತಂದೆ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲಿ. ನಾನು ಮೂರು ಸಲ ಹೋಗಿದ್ದೇನೆ, ಒಂದು ಪಂಕ್ಚರ್ ಕೂಡ ಆಗಿಲ್ಲ" ಅಂದರು. ನನ್ನ ಹೆಂಡತಿ ಮಾತ್ರ, "ಅಗ್ರಿಮೆಂಟ್‌ನಲ್ಲಿ ಏನೋ ರಸ್ತೆಗಳ ಹೆಸರು ಇದ್ದವಲ್ಲ?" ಅಂತ ಕೇಳಿದಳು. ಅವರು ನಕ್ಕರು. ಅದೆಲ್ಲ ಹೆದರಿಸೋಕೆ ಬರೆಯುವುದು, ಯಾರೂ ನೋಡುವುದಿಲ್ಲ ಅಂದರು. ಅಗ್ರಿಮೆಂಟ್ ಡ್ಯಾಶ್‌ಬೋರ್ಡ್ ಡಬ್ಬದಲ್ಲೇ ಇತ್ತು. ಎದ್ದು ಹತ್ತು ಹೆಜ್ಜೆ ಹೋಗಿದ್ದರೆ ಸಾಕಿತ್ತು. ನಾನು ಏಳಲಿಲ್ಲ.

ಇಲ್ಲಿ ನನ್ನ ತಲೆಗೆ ಹೊಳೆಯದ ಒಂದು ವಿಷಯ ಇದೆ. ಅವರು ಹೇಳಿದ್ದು ಸುಳ್ಳಲ್ಲ. ಅವರ ಗಾಡಿಗೆ ಹತ್ತು ಪದರದ ದಪ್ಪ ಟೈರ್, ಹಿಂದೆ ಎರಡು ಸ್ಪೇರ್, ನೆಲದಿಂದ ಎತ್ತರದ ಮೈ. ಗಾಡಿ ಅವರದ್ದೇ, ವಿಮೆಯೂ ಅವರದ್ದೇ. ನಮ್ಮದು ರಸ್ತೆಗೆ ತಗುಲುವಷ್ಟು ತಗ್ಗಿನಲ್ಲಿ ಪೈಪುಗಳು ನೇತಾಡುವ ಬಾಡಿಗೆ ಮನೆ. ಸ್ಪೇರ್ ಟೈರ್ ಇದೆಯಾ ಅಂತ ಕೂಡ ನಾನು ಕೇಳಿರಲಿಲ್ಲ. ಇರಲಿಲ್ಲ! ಬಾಡಿಗೆ ಆರ್‌ವಿಗಳಲ್ಲಿ ಸ್ಪೇರ್ ಕೊಡದಿರುವುದು ಅಪರೂಪ ಅಲ್ಲವಂತೆ. ಗಾಡಿ ತಗೊಳ್ಳುವಾಗ ಬಗ್ಗಿ ನೋಡಿ.

ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮೇಲೆ ರಸ್ತೆ ಮಾಡಿದರೆ ಬಿಸಿಗೆ ಅದು ಕರಗಿ ಕುಸಿಯುತ್ತದೆ. ಹಾಗಾಗಿ ಆಳೆತ್ತರದವರೆಗೂ ಜಲ್ಲಿ ಸುರಿದು, ಆ ದಿಬ್ಬದ ಮೇಲೆ ರಸ್ತೆ ಎಳೆದಿದ್ದಾರೆ. ಹೆಚ್ಚಿನ ಕಡೆ ಡಾಂಬರು ಇಲ್ಲ. ಕೆಲವು ಕಡೆ ಚೂಪಾದ ಚಕ್ಕೆಕಲ್ಲು, ಕೆಲವು ಕಡೆ ಸಿಮೆಂಟ್ ಶೀಟಿನ ಹಾಗೆ ಅಲೆ ಅಲೆ. ಧೂಳು ಏಳದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಮಳೆ ಬಿದ್ದರೆ ಅದು ಮಣ್ಣಿನ ಜೊತೆ ಸೇರಿ ಸೋಪಿನಂತೆ ಜಾರುತ್ತದೆ, ಆಮೇಲೆ ಗಾಡಿಯ ತಳಕ್ಕೆ ಮೆತ್ತಿಕೊಂಡು ಗಾರೆಯ ಹಾಗೆ ಒಣಗುತ್ತದೆ. ಕವಲು ಬಿಟ್ಟರೆ ಮುಂದಿನ ಪೆಟ್ರೋಲ್ 369ನೇ ಕಿಲೋಮೀಟರ್‌ನ ಈಗಲ್ ಪ್ಲೇನ್ಸ್‌ನಲ್ಲಿ. ನಡುವೆ ಅಂಗಡಿ ಇಲ್ಲ, ಮನೆ ಇಲ್ಲ, ಫೋನ್ ಸಿಗ್ನಲ್ ಇಲ್ಲ.

ಮೊದಲ ರಾತ್ರಿ 71ನೇ ಕಿಲೋಮೀಟರ್‌ನಲ್ಲಿ, ಟೂಂಬ್‌ಸ್ಟೋನ್ ಪಾರ್ಕಿನ ಕ್ಯಾಂಪ್‌ನಲ್ಲಿ ಉಳಿದೆವು. ಚಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಗಾಡಿ ತಗೊಂಡ ದಿನದಿಂದ ಅಪ್ಪನಿಗೆ ಒಂದು ಅಭ್ಯಾಸ ಇತ್ತು. ಬೆಳಿಗ್ಗೆ ಕಾಫಿ ಕುಡಿದು, ಒಂದು ಕಬ್ಬಿಣದ ಸರಳು ಹಿಡಿದು ಆರೂ ಟೈರ್ ಬಡಿದುಕೊಂಡು ಬರುವುದು. ಗಾಳಿ ಸರಿಯಿದ್ದರೆ ಒಂದು ಸದ್ದು, ಇಳಿದಿದ್ದರೆ 'ದೊಪ್' ಅನ್ನುವ ಸದ್ದು. ಆಮೇಲೆ ಮಂಡಿಯೂರಿ ಹಿಂದಿನ ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿದೆಯಾ ನೋಡುವುದು. ಡಿಪೋದಲ್ಲಿ ಕಲಿತದ್ದು. ಮಕ್ಕಳಿಗೆ ಅದೊಂದು ತಮಾಷೆ. ಆ ಬೆಳಿಗ್ಗೆ ಮಳೆ ಹನಿಯುತ್ತಿತ್ತು, ಸೊಳ್ಳೆ ಬೇರೆ ಮುತ್ತುತ್ತಿದ್ದವು. ಪಿಕಪ್ ತಾತ ಆಗಲೇ ಇಂಜಿನ್ ಶುರು ಮಾಡಿ ಹಾರ್ನ್ ಒತ್ತುತ್ತಿದ್ದರು. "ಬಾ ಅಪ್ಪಾ, ಅವರು ಕಾಯ್ತಿದ್ದಾರೆ" ಅಂದೆ. ಅಪ್ಪ ಸರಳನ್ನು ಒಳಗಿಟ್ಟು ಹತ್ತಿ ಕೂತರು.

ಅವರ ಓಟಕ್ಕೆ ನಾವು ಸಮ ಇರಲಿಲ್ಲ. ಅವರು 80ರಲ್ಲಿ ಹೋದರೆ ನಾವು 50ರಲ್ಲಿ. ಹಿಂದೆ ಬಿದ್ದರೆ ದಾರಿ ತಪ್ಪುತ್ತೇವೇನೋ ಅನ್ನುವ ಹಾಗೆ ಮತ್ತೆ ವೇಗ ಜಾಸ್ತಿ ಮಾಡುತ್ತಿದ್ದೆ. ಇರುವುದೇ ಒಂದು ರಸ್ತೆ, ತಪ್ಪುವುದೆಲ್ಲಿಗೆ? ಎದುರು ಬಂದ ಲಾರಿಯಿಂದ ಕಲ್ಲು ಹಾರಿ ಮುಂದಿನ ಗಾಜು ಬಿರಿಯಿತು. ಫ್ರಿಜ್ ಬಾಗಿಲು ತೆರೆದುಕೊಂಡು ಮೊಸರಿನ ಪಾತ್ರೆ ಕೆಳಗೆ ಬಿತ್ತು. ನೆಲದ ಮೇಲೆ ಮೊಸರು, ಅದರ ಮೇಲೆ ಧೂಳು, ಅದರ ಮೇಲೆ ಚಮಚ ಲೋಟಗಳು. ಅಮ್ಮ ಒಂದೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಓಗಿಲ್ವಿ ನದಿ ದಾಟಿ 220ನೇ ಕಿಲೋಮೀಟರ್ ಹತ್ತಿರ ರಬ್ಬರ್ ಸುಟ್ಟ ವಾಸನೆ ಬಂತು. ಅಪ್ಪ "ನಿಲ್ಲಿಸು" ಅನ್ನುವುದಕ್ಕೂ ಢಂ ಅನ್ನುವುದಕ್ಕೂ ಸರಿಹೋಯಿತು. ಬಲಗಡೆ ಹಿಂದಿನ ಒಳಟೈರ್ ಹೋಗಿತ್ತು. ಜೋಡಿ ಟೈರ್‌ನಲ್ಲಿ ಇದೇ ತೊಂದರೆ. ಒಳಗಿನದು ಗಾಳಿ ಬಿಟ್ಟರೂ ಹೊರಗಿನದು ಹೊರುತ್ತಿರುತ್ತದೆ, ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ. ಅಷ್ಟು ಹೊತ್ತಿಗೆ ಸತ್ತ ಟೈರ್ ಕಾದು ಚಿಂದಿಯಾಗಿರುತ್ತದೆ. ಆ ಚಿಂದಿ ಚಾವಟಿಯ ಹಾಗೆ ಬೀಸಿ, ಚಕ್ರದ ಮೇಲಿನ ತಗಡು ಹರಿದು, ನೆಲ ಸೀಳಿ, ಟಾಯ್ಲೆಟ್ ಟ್ಯಾಂಕಿನ ಪೈಪನ್ನೇ ಕಿತ್ತು ಎಸೆದಿತ್ತು. ಡಾಸನ್ ಬಿಟ್ಟ ಮೇಲೆ ಟ್ಯಾಂಕ್ ಖಾಲಿ ಮಾಡಿರಲಿಲ್ಲ. ಎರಡು ಕುಟುಂಬದ ಮಾನ ರಸ್ತೆಯ ಮೇಲೆ ಹರಿಯಿತು ಅಂತ ಇಟ್ಟುಕೊಳ್ಳಿ.

ಪಿಕಪ್ ತಾತ ಎಷ್ಟೋ ಮುಂದೆ ಹೋಗಿಬಿಟ್ಟಿದ್ದರು, ವಾಕಿಟಾಕಿಗೆ ಸಿಗಲಿಲ್ಲ. ಗೆಳೆಯ ತನ್ನ ಆರ್‌ವಿಯಲ್ಲಿ ಅಮ್ಮ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಹಿಂದಿನ ಎಂಜಿನಿಯರ್ ಕ್ರೀಕ್ ಕ್ಯಾಂಪಿಗೆ ವಾಪಸ್ ಹೋದ. ಅಲ್ಲೇ ಹತ್ತಿರ ರಸ್ತೆ ಕೆಲಸದವರ ಕ್ಯಾಂಪ್ ಇದೆ. ಅವರಿಗೆ ವಿಷಯ ಮುಟ್ಟಿಸಿದ. ಎರಡು ಗಂಟೆ ಬಿಟ್ಟು ಗ್ರೇಡರ್, ಅಂದರೆ ರಸ್ತೆ ಸಮ ಮಾಡುವ ಯಂತ್ರ, ಓಡಿಸುವವನೊಬ್ಬ ಬಂದ. ಮೊದಲು ಕೈಗೆ ಸನಿಕೆ ಕೊಟ್ಟು, ಹರಿದಿದ್ದನ್ನೆಲ್ಲ ಮಣ್ಣು ಹಾಕಿ ಮುಚ್ಚಿಸಿದ. ಆಮೇಲೆ ರೇಡಿಯೋದಲ್ಲಿ ಡಾಸನ್‌ಗೆ ಹೇಳಿಸಿದ. ಎಳೆಯುವ ಗಾಡಿ ಬಂದದ್ದು ಮಾರನೇ ದಿನ ಮಧ್ಯಾಹ್ನ. ಒಟ್ಟು 19 ಗಂಟೆ ನಾನು, ಅಪ್ಪ ಆ ವಾಸನೆಯ ಗಾಡಿಯಲ್ಲಿ. ಜೂನ್ ಕೊನೆ ಆದ್ದರಿಂದ ಕತ್ತಲೆಯೂ ಆಗಲಿಲ್ಲ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಕಿಟಕಿಗೆ ಟವೆಲ್ ಸಿಕ್ಕಿಸಿ ಮಲಗಿದರು. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಗೆಳೆಯನ ಗಾಡಿಯಲ್ಲಿ ಹೋಗಿದೆ ಅನ್ನುವುದು ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಾನು ಅವರ ಉಸಿರು ಎಣಿಸುತ್ತ ಕೂತಿದ್ದೆ. ಸ್ಯಾಟಲೈಟ್ ಸಂದೇಶ ಕಳಿಸುವ ಸಣ್ಣ ಯಂತ್ರ ಬಾಡಿಗೆಗೆ ಸಿಗುತ್ತದೆ. ನಾವು ಅದರ ಬದಲು ದೊಡ್ಡ ಬಾರ್ಬೆಕ್ಯೂ ಗ್ರಿಲ್ ತಗೊಂಡಿದ್ದೆವು.

ಎಳೆಯುವ ಗಾಡಿಯವನು ಚಕ್ರ ಬಿಚ್ಚಿದಾಗ ಎರಡು ಟೈರ್ ನಡುವೆ ಇನ್ನೂ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಮುಷ್ಟಿಯಷ್ಟು ದೊಡ್ಡದು, ಕಪ್ಪು, ಒಂದು ಕಡೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಮೊದಲ ದಿನದ 71 ಕಿಲೋಮೀಟರ್‌ನಲ್ಲಿ ಸಿಕ್ಕಿತೋ, ಆಮೇಲೋ, ಗೊತ್ತಿಲ್ಲ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ದಿನಾ ನೋಡ್ತಿದ್ದೆ ಕಣೋ" ಅಂದರು, ಅಷ್ಟೇ.

ಪಿಕಪ್ ತಾತ ಡಾಸನ್‌ನಲ್ಲಿ ಮತ್ತೆ ಸಿಕ್ಕಿದರು. ಆರ್ಕ್‌ಟಿಕ್ ವೃತ್ತದ ಬೋರ್ಡಿನ ಫೋಟೊ ತೋರಿಸಿದರು. ನಮ್ಮ ಕತೆ ಕೇಳಿ, "ಬಾಡಿಗೆ ಗಾಡಿಯ ಟೈರ್ ನಂಬೋಕಾಗಲ್ಲ" ಅಂದರು. ಈ ಮಾತನ್ನು ಮೊದಲೇ ಹೇಳಬಹುದಿತ್ತಲ್ವಾ?

ಲೆಕ್ಕ ಹೀಗಿದೆ: ಎಳೆದು ತಂದದ್ದಕ್ಕೆ 4,300 ಡಾಲರ್, ಎರಡು ಟೈರ್ 900, ಪೈಪು, ನೆಲ, ತಗಡು 3,200, ಗಾಜು 1,100, ರಿಪೇರಿ ಆಗುವವರೆಗೆ ಗಾಡಿ ಬಾಡಿಗೆಗೆ ಹೋಗದ ನಷ್ಟ 1,900. ನಾವು ದಿನಕ್ಕಿಷ್ಟು ಅಂತ ಕೊಟ್ಟು ತಗೊಂಡಿದ್ದ ಪೂರ್ಣ ವಿಮೆ ಒಂದು ಪೈಸೆಯೂ ಕೊಡಲಿಲ್ಲ. ನಿಷೇಧದ ರಸ್ತೆಗೆ ಕಾಲಿಟ್ಟ ಕ್ಷಣ ಅದು ರದ್ದು. ರಸ್ತೆ ಮಧ್ಯದ ಸಹಾಯದ ಸೇವೆಯೂ ರದ್ದು. ಕ್ರೆಡಿಟ್ ಕಾರ್ಡಿನ ವಿಮೆ ಇದೆಯಲ್ಲ ಅಂತ ಅಲ್ಲಿಗೆ ಫೋನ್ ಮಾಡಿದೆ. ಅದು ಕಾರಿಗೆ ಮಾತ್ರ, ಆರ್‌ವಿಗೆ ಇಲ್ಲ ಅಂದರು. ಗೆಳೆಯನ ಗಾಡಿಗೆ ಏನೂ ಆಗಿರಲಿಲ್ಲ, ತೊಳೆಸಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದ. ಗಾಡಿಯಲ್ಲಿ ಜಿಪಿಎಸ್ ಇತ್ತು. ಎಲ್ಲಿ, ಎಷ್ಟು ಹೊತ್ತಿಗೆ ಇದ್ದ ಅಂತ ಪ್ರಿಂಟ್ ತೆಗೆದು ಮುಂದಿಟ್ಟು ಡೆಪಾಸಿಟ್ ಹಿಡಿದುಕೊಂಡರು.

ಡೆಂಪ್‌ಸ್ಟರ್ ನೋಡಲೇಬೇಕು ಅಂದರೆ ದಾರಿ ಇಲ್ಲದಿಲ್ಲ. ಆ ರಸ್ತೆಗೆ ಅಂತಲೇ ಗಟ್ಟಿ ಟೈರ್, ಸ್ಪೇರ್ ಸಮೇತ ಪಿಕಪ್ ಬಾಡಿಗೆಗೆ ಕೊಡುವವರು ವೈಟ್‌ಹಾರ್ಸ್‌ನಲ್ಲಿ ಇದ್ದಾರೆ. ಬಾಡಿಗೆ ಜಾಸ್ತಿ, ಆದರೆ ನಾವು ತೆತ್ತದ್ದರ ಮುಂದೆ ಏನೂ ಅಲ್ಲ. ಡಾಸನ್‌ನಿಂದ ಇನುವಿಕ್‌ಗೆ ವಿಮಾನವೂ ಇದೆ. ರಸ್ತೆಯಲ್ಲೇ ಹೋಗುವವರು ಹೊರಡುವ ಬೆಳಿಗ್ಗೆ ಯೂಕಾನ್ ಸರ್ಕಾರದ '511' ರಸ್ತೆ ಮಾಹಿತಿ ನೋಡಿ. ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಸೇತುವೆ ಇಲ್ಲ, ಬೇಸಿಗೆಯಲ್ಲಿ ಫೆರಿ. ಅದು ನಿಂತರೆ ನೀವೂ ನಿಂತಿರಿ.

ನಾನು ಅಗ್ರಿಮೆಂಟ್ ಓದಿದ್ದು ಗಾಡಿ ವಾಪಸ್ ಕೊಟ್ಟ ದಿನ, ಅವರ ಆಫೀಸಿನ ಕುರ್ಚಿಯಲ್ಲಿ ಕೂತು. ಹೋಗಬಾರದ ರಸ್ತೆಗಳ ಪಟ್ಟಿ 6ನೇ ಪುಟದಲ್ಲಿತ್ತು, ಸಹಿ ಮಾಡುವ ಗೆರೆಗಿಂತ ಸ್ವಲ್ಪ ಮೇಲೆ. ಅವಸರದಲ್ಲಿ ಹಾಕಿದ ನನ್ನ ಸಹಿಯ ಬಾಲ 'ಡೆಂಪ್‌ಸ್ಟರ್' ಅನ್ನುವ ಪದದ ಮೇಲೆಯೇ ಹಾದುಹೋಗಿತ್ತು.