ಮಗಳ ಫುಟ್‌ಬಾಲ್ ಕ್ಲಬ್‌ನ ಹೊಸ ಆಯ್ಕೆ ಪದ್ಧತಿ: ಐದರಲ್ಲಿ ನಾಲ್ಕು ಸ್ಟಾರ್

ಮಗಳು ಆಡುವ ಕ್ಲಬ್‌ನಲ್ಲಿ ಈ ಸೀಸನ್‌ನಿಂದ ತಂಡ ಆರಿಸುವ ರೀತಿ ಬದಲಾಗಿದೆ. ಕ್ಲಬ್ ಹೆಸರು ಬೇಡ, ಪದ್ಧತಿ ಬಗ್ಗೆ ಮಾತ್ರ ಬರೆಯುತ್ತೇನೆ. ಹನ್ನೆರಡು ವರ್ಷದೊಳಗಿನ ಹುಡುಗಿಯರಿಗೆ ಎ, ಬಿ, ಸಿ ಅಂತ ಮೂರು ತಂಡ ಇವೆ. ಯಾರು ಯಾವುದಕ್ಕೆ ಅನ್ನುವುದೇ ಪ್ರತಿ ವರ್ಷದ ಜಗಳ.

ಮೊದಲೆಲ್ಲ ಒಬ್ಬ ಕೋಚ್ ಒಂದೇ ಸಂಜೆ ಒಂದು ಮ್ಯಾಚ್ ಆಡಿಸಿ ನೋಡುತ್ತಿದ್ದರು. ರಾತ್ರಿ ವಾಟ್ಸಾಪ್ ಗ್ರೂಪಿಗೆ ಪಟ್ಟಿ ಬಂದುಬಿಡುತ್ತಿತ್ತು. ಕಾರಣ ಕೇಳಿದರೆ "ನಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ ಮೇಡಂ" ಅನ್ನುವುದೇ ಉತ್ತರ. ಆ ದಿನ ಜ್ವರ ಬಂದ ಮಗುವಿಗೆ ಇಡೀ ಸೀಸನ್ ಸಿ ತಂಡವೇ ಗತಿ.

ಈ ಸಲ ಟ್ರಯಲ್ಸ್ ಬೇರೆ ಬೇರೆ ವಾರಗಳಲ್ಲಿ ಎರಡು ಸಲ ನಡೆಯಿತು. ಅಂಕ ಹಾಕುವವರು ಮೂವರು. ಯಾರ ಮಗು ಆ ಗುಂಪಿನಲ್ಲಿ ಇದೆಯೋ ಅವರು ಅಂಕ ಹಾಕುವಂತಿಲ್ಲ. ಮಕ್ಕಳಿಗೆ ನಂಬರ್ ಇರುವ ಬಿಬ್ (ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಅಂಗಿ) ಕೊಟ್ಟರು, ಹೆಸರಿನ ಪಟ್ಟಿ ಆಫೀಸಿನಲ್ಲೇ ಉಳಿಯಿತು. ನನಗೆ ತುಂಬಾ ಹಿಡಿಸಿದ್ದು ದೊಡ್ಡ ಮ್ಯಾಚ್ ಬಿಟ್ಟು ನಾಲ್ವರ ಎದುರು ನಾಲ್ವರನ್ನು ಆಡಿಸಿದ್ದು. ಹನ್ನೊಂದು ಜನರ ಆಟದಲ್ಲಿ ಸಂಕೋಚದ ಮಗುವಿನ ಕಾಲಿಗೆ ಚೆಂಡೇ ಸಿಗುವುದಿಲ್ಲ. ಚಿಕ್ಕ ಅಂಗಳದಲ್ಲಿ ಯಾರೂ ಅಡಗಿಕೊಳ್ಳೋಕೆ ಆಗಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಜೊತೆಗಾರರನ್ನೂ ಜಾಗವನ್ನೂ ಬದಲಿಸುತ್ತಿದ್ದರು. ಹೀಗಾಗಿ ಚೆನ್ನಾಗಿ ಆಡುವ ಗೆಳತಿ ಪಕ್ಕದಲ್ಲಿದ್ದಾಳೆ ಅಂತ ಯಾರಿಗೂ ಲಾಭ ಆಗಲಿಲ್ಲ.

ಆಮೇಲೆ ಪ್ರತಿ ಮಗುವಿಗೂ ಅಂಕದ ಹಾಳೆ ಸಿಕ್ಕಿತು. ನನ್ನ ಮಗಳದ್ದು ಹೀಗಿತ್ತು: ಚೆಂಡು ಹಿಡಿತಕ್ಕೆ ತೆಗೆದುಕೊಳ್ಳುವುದು 3, ಪಾಸ್ 4, ಚೆಂಡಿಲ್ಲದಾಗಿನ ಓಟ 2, ಎದುರಾಳಿಯನ್ನು ತಡೆಯುವುದು 3. ಎಲ್ಲವೂ 5ಕ್ಕೆ. ಕೆಳಗೆ ಪೆನ್ನಿನಲ್ಲಿ ಒಂದು ಸಾಲು: "ಪಾಸ್ ಕೊಟ್ಟ ಮೇಲೆ ನಿಂತುಬಿಡುತ್ತಾಳೆ, ಖಾಲಿ ಜಾಗಕ್ಕೆ ಓಡಬೇಕು." ಬಿ ತಂಡ ಅಂತ ಗೊತ್ತಾದಾಗ ಅವಳ ಮುಖ ಸಣ್ಣದಾಯಿತು, ನಿಜ. ಆದರೆ ಆ ಸಾಲನ್ನು ಎರಡು ಸಲ ಓದಿ, "ಅಮ್ಮ, ಹೌದು, ನಾನು ನಿಂತ್ಕೋತೀನಿ" ಅಂದಳು. ಏನು ಮಾಡಬೇಕು ಅಂತ ಗೊತ್ತಾದರೆ ಮಗು ಬಿ ತಂಡವನ್ನೂ ತಡೆದುಕೊಳ್ಳುತ್ತೆ. ಏನೂ ಹೇಳದೆ ಕೆಳಗೆ ಇಟ್ಟರೆ ಆಟವನ್ನೇ ಬಿಡುತ್ತೆ. ಹಾಗೆ ಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನು ಕಡಿಮೆ ಆದ ಒಂದು ಸ್ಟಾರ್ ವಿಷಯ.

ವಯಸ್ಸಿನ ಲೆಕ್ಕ ಇಲ್ಲಿ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವಳೂ ನವೆಂಬರ್‌ನಲ್ಲಿ ಹುಟ್ಟಿದ ನನ್ನ ಮಗಳೂ ಒಂದೇ ಗುಂಪು. ಈ ವಯಸ್ಸಿನಲ್ಲಿ ಹತ್ತು ತಿಂಗಳು ಸಣ್ಣದಲ್ಲ. ಹುಡುಗಿಯರು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ರ ಹೊತ್ತಿಗೆ ಸರ್ರನೆ ಎತ್ತರ ಆಗುತ್ತಾರೆ. ಬೇಗ ಬೆಳೆದವರು ಜೋರಾಗಿ ಓಡುತ್ತಾರೆ, ಅದನ್ನೇ ನಾವು ಪ್ರತಿಭೆ ಅಂದುಕೊಳ್ಳುತ್ತೇವೆ. ಮೇಲಿನ ಹಂತದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಕೆನಡಾದ ಸಂಶೋಧಕರು 1985ರಲ್ಲೇ ತೋರಿಸಿದ್ದರು. 2017ರಲ್ಲಿ ಪ್ರಕಟವಾದ ಒಂದು ಫುಟ್‌ಬಾಲ್ ಪ್ರಯೋಗದಲ್ಲಿ ಮಕ್ಕಳಿಗೆ ವಯಸ್ಸಿನ ಕ್ರಮದಲ್ಲೇ ಶರ್ಟ್ ನಂಬರ್ ಕೊಟ್ಟು, ಆರಿಸುವವರಿಗೆ ಅದನ್ನು ಮೊದಲೇ ತಿಳಿಸಿದರು. ಆಗ ದೊಡ್ಡವರ ಕಡೆಗಿನ ಒಲವು ಕಡಿಮೆ ಆಯಿತು. ನಮ್ಮ ಕ್ಲಬ್‌ನಲ್ಲಿ ಬಿಬ್ ಹೇಗೂ ಇವೆ. ಹುಟ್ಟಿದ ದಿನಾಂಕದ ಕ್ರಮದಲ್ಲಿ ಹಂಚಿದರೆ ಸಾಕು, ಪೈಸೆ ಖರ್ಚಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. "ಸೀಸನ್ ಮಧ್ಯದಲ್ಲಿ ತಂಡಗಳನ್ನು ಮತ್ತೆ ನೋಡಲಾಗುವುದು" ಅಂತ ನಿಯಮದ ಹಾಳೆಯಲ್ಲಿದೆ, ತಾರೀಕು ಇಲ್ಲ. ಅರ್ಧ ಸೀಸನ್ ದಾಟಿದರೂ ಒಬ್ಬಳೂ ಮೇಲೆ ಹೋಗಿಲ್ಲ, ಕೆಳಗೂ ಬಂದಿಲ್ಲ. ಸಿ ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಶುರುವಿನಲ್ಲಿ ಎಡಗಾಲಲ್ಲಿ ಚೆಂಡು ಮುಟ್ಟಲೂ ಹೆದರುತ್ತಿದ್ದಳು. ಈಗ ಎರಡೂ ಕಾಲಲ್ಲಿ ಪಾಸ್ ಕೊಡುತ್ತಾಳೆ, ತಲೆ ಎತ್ತಿ ಆಡುತ್ತಾಳೆ. ಅವಳು ಇನ್ನೂ ಅಲ್ಲೇ. ಅನುಭವಿ ಕೋಚ್ ಎ ತಂಡಕ್ಕೆ, ಮೈದಾನದ ಒಳ್ಳೆಯ ಅರ್ಧವೂ ಎ ತಂಡಕ್ಕೇ. ಹೀಗಿದ್ದರೆ ಅಂತರ ತಾನಾಗೇ ಬೆಳೆಯುತ್ತೆ, ಅಲ್ವಾ? ಕೋಚ್‌ಗಳು ವಾರಕ್ಕೊಮ್ಮೆ ತಂಡ ಬದಲಾಯಿಸಿಕೊಂಡರೆ ಅರ್ಧ ಸಮಸ್ಯೆ ಹೋಗುತ್ತೆ.

ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆ ಅಂತಲೇ 1987ರಿಂದ ನಿಯಮಗಳಿವೆ. ಈಗ ಅಲ್ಲಿ ಮಗುವಿಗೆ 11 ತುಂಬುವ ವರ್ಷಕ್ಕೆ ಮುಂಚೆ ಪಂದ್ಯಗಳ ಅಂಕಪಟ್ಟಿ, ರ್‍ಯಾಂಕಿಂಗ್ ಇಡುವಂತಿಲ್ಲ. ಅಷ್ಟು ದೂರ ಹೋಗಿ ಅಂತ ನಾನು ಹೇಳುತ್ತಿಲ್ಲ. ಮಗಳಿಗೆ ಪೈಪೋಟಿ ಇಷ್ಟ, ನನಗೂ ಇಷ್ಟ. ತಂಡಗಳ ನಡುವಿನ ಬಾಗಿಲು ತೆರೆದಿರಲಿ ಅಂತ ಮಾತ್ರ ಕೇಳುತ್ತಿದ್ದೇನೆ.

ಇದನ್ನೆಲ್ಲ ಕಮಿಟಿಗೆ ಪತ್ರ ಬರೆದು ತಿಳಿಸಿದ್ದೇನೆ. ಮುಂದಿನ ಸಭೆಯಲ್ಲಿ ತಾರೀಕು ನಿಗದಿ ಮಾಡುತ್ತೇವೆ ಅಂತ ಉತ್ತರ ಬಂದಿದೆ. ಮುಂದಿನ ವರ್ಷವೂ ಮಗಳನ್ನು ಇಲ್ಲೇ ಆಡಿಸುತ್ತೇನೆ. ನೀವು ಮಗುವನ್ನು ಯಾವುದಾದರೂ ಕ್ಲಬ್‌ಗೆ ಸೇರಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ಅಂಕದ ಹಾಳೆ ಕೈಗೆ ಕೊಡ್ತೀರಾ? ತಂಡಗಳನ್ನು ಮತ್ತೆ ನೋಡುವ ತಾರೀಕು ಯಾವುದು?